ತೊಂಬತ್ತಾರು ಪಾಲು ಗಾಳಿ

ಹೂಟಗಳ್ಳಿ ಕಡೆ ಇದ್ದ ಆ ಡೀಸೆಲ್ ಎಂಜಿನ್ ಕಾರ್ಖಾನೆಯ ಹೆಸರು ಬೇಡ ಬಿಡಿ, ಹೇಳಿದರೆ ಬಾಯಿ ತೊಳೆದುಕೊಳ್ಳಬೇಕಾದೀತು. ಅಶೋಕಪುರಂನ ನಯನಾ ಅಲ್ಲಿ 1996ರಿಂದ ಎಂಟು ವರ್ಷ ದುಡಿದಳು. ಬಿಟ್ಟ ಮೇಲೆ ಅದರ ಗೇಟಿನ ಮುಂದೆ ಹಾಯುವ ಬಸ್ಸನ್ನೂ ಹತ್ತಲಿಲ್ಲ. ಯಾಕೆ ಬಿಟ್ಟೆ ಅಂತ ಕೇಳಿದವರಿಗೆ, "ಕೆಲ್ಸ ಚೆನ್ನಾಗಿತ್ತು, ಜನ ಸರಿಯಿರ್ಲಿಲ್ಲ" ಎನ್ನುತ್ತಿದ್ದಳು. ಅದು ಅರ್ಧ ಸತ್ಯ. ಆ ಸರಿಯಿಲ್ಲದ ಜನರಲ್ಲಿ ತಾನೂ ಒಬ್ಬಳು ಅನ್ನುವ ಉಳಿದರ್ಧವನ್ನು ಅವಳು ಯಾರ ಮುಂದೆಯೂ ಆಡಲಿಲ್ಲ.

ಅವಳ ಅಪ್ಪ ಮಹದೇವಯ್ಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಸಂಜೆ ಮನೆಗೆ ಬಂದು ಕೈಯ ಕಪ್ಪು ತಿಕ್ಕಿಕೊಳ್ಳುತ್ತಲೇ ಮಗಳಿಗೆ ಆ ದಿನದ ರಿಪೇರಿಯ ಕತೆ ಹೇಳುತ್ತಿದ್ದರು. ಎಂಜಿನ್ ಕೆಮ್ಮಿದರೆ ಮೊದಲು ಯಾಕೆ ಕೆಮ್ಮಿತು ಅಂತ ಕೇಳಬೇಕು, ಸ್ಪ್ಯಾನರ್ ಎತ್ತುವುದು ಆಮೇಲೆ, ಅನ್ನುವುದು ಅವರ ಮಾತು. ಮಗಳು ಅದನ್ನೇ ಕೇಳಿಕೊಂಡು ಬೆಳೆದು ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಸೇರಿದಳು. ಅರವತ್ತು ಜನರ ತರಗತಿಯಲ್ಲಿ ಹುಡುಗಿಯರು ಮೂವರೇ. ಅಮ್ಮ ಸೋಮಮ್ಮನಿಗೆ ಮಾತ್ರ ಅನುಮಾನ. "ಅಪ್ಪನ್ ಕೈಯಂಗೆ ನಿನ್ ಕೈಯೂ ಕಪ್ಪಾಯ್ತದಲ್ಲ ಮಗಾ" ಎಂದು ಪೇಚಾಡುತ್ತಿದ್ದಳು.

ಕೈ ಕಪ್ಪಾಗಲಿಲ್ಲ. ಕಾರ್ಖಾನೆಯಲ್ಲಿ ಹೊಸ ಎಂಜಿನ್‌ಗಳ ವಿಭಾಗದ ಮುಖ್ಯಸ್ಥರಾಗಿದ್ದ ವಿಶ್ವನಾಥ್ ಸಂದರ್ಶನದ ದಿನವೇ ಅದಕ್ಕೊಂದು ಏರ್ಪಾಡು ಮಾಡಿಬಿಟ್ಟರು. "ಶಾಪ್ ಫ್ಲೋರ್ ಎಲ್ಲಾ ಹೆಣ್ಮಕ್ಳಿಗೆ ಆಗಲ್ಲ ಕಣಮ್ಮ, ಗ್ರೀಸು ಗೀಸು ಅಂತ. ನೀನು ಕಂಪ್ಯೂಟರ್ ರೂಮಲ್ಲಿರು, ಏಸಿ ಇದೆ." ದೊಡ್ಡ ಉಪಕಾರ ಮಾಡಿದವರ ಹಾಗೆ ನಕ್ಕರು.

ಆ ಕೋಣೆಯಲ್ಲಿ ಅವಳ ಕೆಲಸ ಇಷ್ಟು: ಲೋಹದ ಎಂಜಿನ್ ತಯಾರಾಗುವ ಮೊದಲೇ ಕಂಪ್ಯೂಟರಿನೊಳಗೆ ಒಂದನ್ನು ಓಡಿಸುವುದು. ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ಒಂದೊಂದು ಡಿಗ್ರಿ ತಿರುಗಿದ ಹಾಗೆ ಸಿಲಿಂಡರಿನೊಳಗೆ ಒತ್ತಡ ಎಷ್ಟು, ಬಿಸಿ ಎಷ್ಟು, ಡೀಸೆಲ್ ಎಷ್ಟು ಉರಿಯಿತು, ಗೋಡೆಗೆ ಎಷ್ಟು ಶಾಖ ಸೋರಿಹೋಯಿತು, ಎಲ್ಲವನ್ನೂ ಲೆಕ್ಕ ಹಾಕುವ ಪ್ರೋಗ್ರಾಂ ಅನ್ನು ಅವಳು ತಾನೇ ಕೂತು ಬರೆದಳು. ಒಂದು ಸಲ ಓಡಿಸಿದರೆ ಉತ್ತರಕ್ಕೆ ಊಟದ ಬಿಡುವು ಮುಗಿಯುವವರೆಗೂ ಕಾಯಬೇಕು. ಮೊದಲ ಸಲ ತೆರೆಯ ಮೇಲೆ ಒತ್ತಡದ ಗೆರೆ ಏರಿ, ತುದಿ ಮುಟ್ಟಿ, ಇಳಿದಾಗ ಅವಳು ಖುಷಿಗೆ ಮೇಜು ಗುದ್ದಿದಳು. ಅಂಥ ಖುಷಿ ಆ ಕೋಣೆಯಲ್ಲಿ ಅವಳಿಗೆ ಒಂದು ವರ್ಷ ಸಿಕ್ಕಿತು.

ಆಮೇಲೆ ಶುರುವಾದದ್ದು 'ಕೂರಿಸುವುದು'. ಕಂಪ್ಯೂಟರಿನ ಗೆರೆ ಮತ್ತು ಟೆಸ್ಟ್ ಬೆಡ್ಡಿನಲ್ಲಿ ನಿಜವಾದ ಎಂಜಿನ್ ಓಡಿಸಿ ಅಳೆದ ಗೆರೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಯಾಕೆ ಅಂತ ಹುಡುಕಬೇಕು, ನ್ಯಾಯವಾಗಿ ಅದೇ ಕೆಲಸ. ವಿಶ್ವನಾಥ್ ಅವರಿಗೆ ಹುಡುಕಾಟಕ್ಕೆ ಪುರುಸೊತ್ತಿಲ್ಲ. ಗೋಕುಲಂನ ತಮ್ಮ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರನ್ನು ಇರಿಸಿಕೊಂಡು, ಅವರಿಂದ ಉಸಿರಾಟದ ಬಗ್ಗೆ ನಾಲ್ಕು ಮಾತು ಕಲಿತಿದ್ದರು. ಬಾಗಿಲಲ್ಲಿ ನಿಂತು, "ಟೆನ್ಷನ್ ಮಾಡ್ಕೋಬೇಡ, ಉದ್ದಕ್ಕೆ ಉಸ್ರು ತಗೋ, ಯಾವ್ದಾದ್ರೂ ಒಂದ್ ನಂಬರ್ ತಿರುಗ್ಸಿ ಕರ್ವ್ ಕೂರ್ಸು" ಅನ್ನುವರು. ಪ್ರೋಗ್ರಾಂನಲ್ಲಿ ತಿರುಗಿಸಲು ಬೇಕಾದಷ್ಟು ನಂಬರುಗಳಿದ್ದವು. ಮೊದಮೊದಲು ಅವಳು ವಾದ ಮಾಡಿದಳು. ಮೂರನೇ ವರ್ಷ ಗೊಣಗಿದಳು. ಐದನೇ ವರ್ಷಕ್ಕೆ ಗೆರೆ ಆಚೀಚೆ ಸರಿದದ್ದು ಕಂಡರೆ ಸಾಕು, ಅವಳ ಬೆರಳು ತಾನಾಗಿಯೇ ನಂಬರ್ ತಿರುಗಿಸಲು ಹೋಗುತ್ತಿತ್ತು. ಥೂ, ಅಭ್ಯಾಸ ಅನ್ನುವುದೇ ಹಾಗೆ, ಮೈಗೆ ಹತ್ತಿದ್ದು ತಿಳಿಯುವುದೇ ಇಲ್ಲ.

2002ರಲ್ಲಿ ಕರಾವಳಿಯಿಂದ ಮೀನುಗಾರಿಕೆ ದೋಣಿಗಳಿಗೆ ನಲವತ್ತು ಎಂಜಿನ್ ಬೇಕು ಎಂದು ಬೇಡಿಕೆ ಬಂತು. ಮೈಸೂರು ಇರುವುದು ಸಮುದ್ರಕ್ಕಿಂತ ಎರಡೂವರೆ ಸಾವಿರ ಅಡಿ ಮೇಲೆ. ಇಲ್ಲಿನ ಗಾಳಿ ಅಲ್ಲಿಗಿಂತ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಅದೇ ಎಂಜಿನ್ ಸಮುದ್ರದ ಮಟ್ಟದಲ್ಲಿ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ, ಆದ್ದರಿಂದ ಹೆಚ್ಚು ಡೀಸೆಲ್ ಉರಿಸಬಲ್ಲದು. ಎಷ್ಟು ಹೆಚ್ಚು? ಡೀಸೆಲ್ ಪಂಪಿನಲ್ಲಿ ಅದರ ಮಿತಿ ಕಟ್ಟುವ ಸ್ಕ್ರೂ ಒಂದಿರುತ್ತದೆ. ಅದನ್ನು ಎಷ್ಟು ಸಡಿಲಿಸಬೇಕು? ಸಡಿಲಿಸಿದ್ದು ಜಾಸ್ತಿಯಾದರೆ ಎಂಜಿನ್ ಕರಿ ಹೊಗೆ ಕಾರಿ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಸಮುದ್ರದ ಪಕ್ಕ ಒಂದೇ ಒಂದು ಎಂಜಿನ್ ಒಯ್ದು ಓಡಿಸಿ ನೋಡಿದ್ದರೆ ಮುಗಿದಿತ್ತು. "ಕಂಪ್ಯೂಟರ್ ಇಟ್ಕೊಂಡಿರೋದು ಯಾತಕ್ಕೆ ಮತ್ತೆ?" ಎಂದುಬಿಟ್ಟರು ವಿಶ್ವನಾಥ್.

ಟೆಸ್ಟ್ ಬೆಡ್ಡಿನ ಅಳತೆಗಳೆಲ್ಲ ಚಿಕ್ಕಬಸವಯ್ಯನವರ ಪುಸ್ತಕದಲ್ಲಿದ್ದವು. ಅವರೂ ಅಶೋಕಪುರಂನವರೇ, ಆದರೆ ಬೇರೆ ಬೀದಿ, ಬಳಕೆಯೇನೂ ಇರಲಿಲ್ಲ. ಮೂವತ್ತೊಂದು ವರ್ಷದಿಂದ ಆ ಬೆಡ್ಡಿನಲ್ಲಿ ಎಂಜಿನ್ ಓಡಿಸಿ, ನೀಲಿ ರಟ್ಟಿನ ಪುಸ್ತಕಗಳಲ್ಲಿ ಅಂಕಿ ಬರೆದವರು. ಇಂಗ್ಲಿಷ್ ಬಾರದು, ಆದರೆ ಅವರ ಅಂಕಿಗಳನ್ನು ಅಚ್ಚಿನ ಅಂಕಿಗಳ ಪಕ್ಕ ಇಡಬಹುದಿತ್ತು. ಒಂದು ಚಿತ್ತು ಕೂಡ ಇಲ್ಲ. ಪುಟದ ತಲೆಯಲ್ಲಿ 'ಸ.' ಎಂದು ಒಂದಕ್ಷರ ಬರೆದು ಚುಕ್ಕಿ ಇಟ್ಟಿರುತ್ತಿದ್ದರು. ನೋಡಿ ಸರಿಯಿದೆ ಎಂದು ಹಾಕಿದ ಗುರುತು ಅದು ಎಂದುಕೊಂಡು ನಯನಾ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದಳು. ಮೈಸೂರಿನ ಗಾಳಿಯ ಒತ್ತಡವನ್ನೂ ಕೊಟ್ಟಳು. ಗೆರೆ ಕೂರಲಿಲ್ಲ.

ಪುಸ್ತಕದಲ್ಲಿದ್ದ ಶಕ್ತಿ ಕಂಪ್ಯೂಟರಿನದ್ದಕ್ಕಿಂತ ಬಹಳ ಮೇಲಿತ್ತು. ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಉಪಕರಣ ಕೆಟ್ಟು ಎರಡು ವರ್ಷವಾಗಿತ್ತು, ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಹಾಗಾಗಿ ಗಾಳಿಯ ನಂಬರನ್ನು ಹೇಗೆ ಬೇಕಾದರೂ ತಿರುಗಿಸಬಹುದಿತ್ತು. ಅಂಥ ಎಂಜಿನ್ ತನ್ನ ಸಿಲಿಂಡರಿನ ಗಾತ್ರದ ನೂರಕ್ಕೆ ಎಂಬತ್ತೆಂಟು ಪಾಲು ಗಾಳಿ ಎಳೆದುಕೊಂಡರೆ ಹೆಚ್ಚು. ನಯನಾ ತೊಂಬತ್ತಕ್ಕೆ ಏರಿಸಿದಳು, ಕೂರಲಿಲ್ಲ. ತೊಂಬತ್ತಮೂರು, ಕೂರಲಿಲ್ಲ. ತೊಂಬತ್ತಾರಕ್ಕೆ ಅಚ್ಚುಕಟ್ಟಾಗಿ ಕೂತುಕೊಂಡಿತು.

ಅಷ್ಟು ಗಾಳಿ ಎಳೆಯುವ ಎಂಜಿನ್ ಆ ಕಾರ್ಖಾನೆಯಲ್ಲಿ ಹುಟ್ಟಿರಲೇ ಇಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಎದ್ದು ವಿಶ್ವನಾಥ್ ಹತ್ತಿರ ಹೋದಳು. "ಸಾರ್, ತೊಂಬತ್ತಾರು ಬರ್ತಿದೆ. ಇದು ಆಗದ ಮಾತು."

"ಕೂತ್ಕೊಳ್ತೋ ಇಲ್ವೋ?"

"ಕೂತಿದೆ ಸಾರ್, ಆದ್ರೆ..."

"ಕೂತಿದ್ರೆ ಮುಗೀತಲ್ಲ, ರಿಪೋರ್ಟ್ ಮಾಡು" ಎಂದು ಟೀ ಲೋಟಕ್ಕೆ ಕೈ ಹಾಕಿದರು. ಅವಳು ವಾಪಸು ಬಂದು, ಸ್ಕ್ರೂ ಎಷ್ಟು ಸಡಿಲಿಸಬೇಕು ಎಂದು ಲೆಕ್ಕ ತೆಗೆದು, ಹದಿನೆಂಟು ಪುಟದ ರಿಪೋರ್ಟ್ ಮಾಡಿ, ಕೆಳಗೆ ಸಹಿ ಹಾಕಿದಳು. ಸಹಿ ಚೆನ್ನಾಗೇ ಬಂತು.

ನಾಲ್ಕು ತಿಂಗಳಿಗೆ ಎಂಜಿನ್‌ಗಳು ವಾಪಸು ಬರತೊಡಗಿದವು. ನಲವತ್ತರಲ್ಲಿ ಹನ್ನೊಂದು. ಒಂದು ದೋಣಿಯ ಎಂಜಿನ್ ನಡುನೀರಿನಲ್ಲಿ ಕಚ್ಚಿಕೊಂಡು ನಿಂತು, ಅದರಲ್ಲಿದ್ದ ಆರು ಜನ ಎರಡು ದಿನ ತೇಲಿದ್ದರಂತೆ. ಕುಡಿಯುವ ನೀರು ಮುಗಿದ ಮೇಲೆ ಇನ್ನೊಂದು ದೋಣಿಯವರ ಕಣ್ಣಿಗೆ ಬಿದ್ದು, ಹಗ್ಗ ಕಟ್ಟಿ ಎಳೆಸಿಕೊಂಡು ಬಂದರಂತೆ. ಆ ಎಂಜಿನ್ನನ್ನು ಶೆಡ್ಡಿನಲ್ಲಿ ಬಿಚ್ಚಿದಾಗ ನಯನಾ ಪಕ್ಕದಲ್ಲೇ ನಿಂತಿದ್ದಳು. ವಾಲ್ವುಗಳ ಅಂಚು ಸುಟ್ಟು ಹರಿದಿತ್ತು. ಪಿಸ್ಟನ್ ತಲೆಯ ಮೇಲೆ ಬೆರಳು ದಪ್ಪಕ್ಕೆ ಕರಿ ಮೆತ್ತಿತ್ತು, ಹಸಿ ಹಸಿಯಾಗಿ, ಹಳಸಿದ ಎಣ್ಣೆಯ ವಾಸನೆ. ಮುಟ್ಟಿ ನೋಡಿದಳು. ಸೋಪು ಹಾಕಿ ಮೂರು ಸಲ ತೊಳೆದರೂ ಉಗುರಿನ ಸಂದಿಯದು ಹೋಗಲಿಲ್ಲ. ಆ ಮಧ್ಯಾಹ್ನ ಬುತ್ತಿ ಬಿಚ್ಚಿ, ಹಾಗೇ ಮುಚ್ಚಿಟ್ಟಳು.

ಊಟ ಬಿಟ್ಟವಳು ಎದ್ದು ನೇರ ಟೆಸ್ಟ್ ಬೆಡ್ಡಿಗೆ ಹೋದಳು. ಚಿಕ್ಕಬಸವಯ್ಯ ಮುದ್ದೆ ಮುಗಿಸಿ ಡಬ್ಬಿ ತೊಳೆಯುತ್ತಿದ್ದರು. ದೋಣಿ ಎಂಜಿನ್ನಿನ ಪುಸ್ತಕ ತೆಗೆದು, ಪುಟದ ಮೇಲಿನ ಅಕ್ಷರದ ಮೇಲೆ ಬೆರಳಿಟ್ಟು, "ಬಸವಯ್ಯನೋರೆ, ಈ 'ಸ' ಅಂದ್ರೆ ಸರಿ ಅಂತ ತಾನೆ?" ಎಂದು ಕೇಳಿದಳು.

ಅವರು ನಕ್ಕರು. "ಸರಿ ಅಂತ ಯಾಕ್ ಬರೀಲವ್ವ? ಸರಿಯಿಲ್ದಿದ್ರೆ ಪುಸ್ತಕಕ್ ಏರಿಸ್ತೀನಾ ನಾನು? ಅದು ಸಮುದ್ರ. ಬೆಡ್ಡಲ್ ಬಂದುದ್ದು ಬ್ಯಾರೆ ಬುಕ್ಕಲ್ಲಿ ಪೆನ್ಸಿಲ್‌ನಾಗೆ ಇರ್ತದೆ. ಗಿರಾಕಿಗೋಳು ಸಮುದ್ರದ್ ಲೆಕ್ಕ ಕೇಳ್ತಾರೆ ಅಂತ ಗೋಡೆ ಮ್ಯಾಗಿನ್ ಪಟ್ಟಿ ನೋಡಿ ಗುಣಿಸಿ ಬರೀತೀನಿ. ಸುರುವಿನಿಂದ್ಲೂ ಅಂಗೇ."

ಅವಳು ಆ ಅಕ್ಷರವನ್ನು ಇನ್ನೊಮ್ಮೆ ನೋಡಿದಳು. ಮೊದಲೇ ಸಮುದ್ರಕ್ಕೆ ಗುಣಿಸಿದ ಅಂಕಿಗಳನ್ನು ಮೈಸೂರಿನವು ಎಂದು ತಿಳಿದು, ಮತ್ತೊಮ್ಮೆ ಸಮುದ್ರಕ್ಕೆ ಏರಿಸಿದ್ದಳು. ಇಲ್ಲದ ಗಾಳಿಗೆ ಡೀಸೆಲ್ ಸುರಿಸಿದ್ದಳು. ಪೆನ್ಸಿಲ್ ಪುಸ್ತಕ ಇಸಿದುಕೊಂಡು ಓಡಿಹೋಗಿ ಅಲ್ಲಿನ ಅಂಕಿಗಳನ್ನು ಹಾಕಿದಳು. ಗಾಳಿ ಎಂಬತ್ತೆಂಟು ಪಾಲು. ಯಾವ ನಂಬರನ್ನೂ ತಿರುಗಿಸದೆ ಗೆರೆ ತಾನಾಗಿಯೇ ಕೂತಿತು.

ವಿಶ್ವನಾಥ್ ಎಲ್ಲ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. ನಯನಾಳಿಗೆ ಆ ಅರಳಿದ ಮುಖದಷ್ಟು ಅಸಹ್ಯವಾದದ್ದನ್ನು ಆಮೇಲೂ ನೋಡಿದ ನೆನಪಿಲ್ಲ.

"ಅಂದ್ರೆ ತಪ್ಪು ಲಾಗ್ ಬುಕ್ಕಿಂದು! ಬದುಕ್ಸಿದೆ ಕಣಮ್ಮ. ಹೆಂಗೂ ಆಯಪ್ಪ ಇನ್ನೆರಡ್ ತಿಂಗ್ಳಿಗೆ ರಿಟೈರ್."

"ಪುಸ್ತಕದಲ್ಲಿ ತಪ್ಪಿಲ್ಲ ಸಾರ್. ಓದಿದ್ದು ನಾನು."

"ಕನ್ನಡದಲ್ಲಿ ಒಂದಕ್ಷರ ಗೀಚಿಟ್ರೆ ಯಾರಿಗ್ ಗೊತ್ತಾಗತ್ತೆ? ಫಾರ್ಮ್ಯಾಟ್ ಪ್ರಕಾರ ಬರ್ದಿಲ್ಲ, ಅಷ್ಟೇ. ಕಂಪ್ಯೂಟರ್ ತಪ್ಪು ಅಂತ ಹೊರಗ್ ಹೋದ್ರೆ ನಮ್ ಡಿಪಾರ್ಟ್‌ಮೆಂಟೇ ಮುಚ್ತಾರೆ. ಉದ್ದಕ್ಕೆ ಉಸ್ರು ತಗೋ." ಮೈಸೂರಿನಲ್ಲೇ ಹುಟ್ಟಿ, ಮೈಸೂರಿನ ನೀರು ಕುಡಿದು, ಕನ್ನಡದಲ್ಲೇ ಬೈದು ಕನ್ನಡದಲ್ಲೇ ಓಲೈಸುವ ಮನುಷ್ಯನಿಗೆ ಆ ಒಂದಕ್ಷರ ಗೀಚಿದ ಹಾಗೆ ಕಂಡಿತು.

ಉಳಿದ ಇಪ್ಪತ್ತೊಂಬತ್ತು ಎಂಜಿನ್‌ಗಳಿಗೆ ಫಿಟ್ಟರ್‌ಗಳನ್ನು ಕಳಿಸಿ, ಸ್ಕ್ರೂಗಳನ್ನು ಸದ್ದಿಲ್ಲದೆ ಹಿಂದಕ್ಕೆ ತಿರುಗಿಸಿದರು. ಇತ್ತ ಚಿಕ್ಕಬಸವಯ್ಯನವರ ಮೇಲೆ, ತಪ್ಪು ದಾಖಲೆ ಬರೆದರು ಎಂಬ ಆರೋಪದ ವಿಚಾರಣೆ ಕೂತಿತು. ಸಿಬ್ಬಂದಿ ವಿಭಾಗದ ವೇದವತಿ, ವಿಶ್ವನಾಥ್, ಬಾಯಿ ಬಿಡದ ಇನ್ನೊಬ್ಬ ಅಧಿಕಾರಿ, ಮೂವರು ಮೇಜಿನ ಒಂದು ಕಡೆ. ನಯನಾ ಕರೆಯದೇ ಹೋಗಿ ನಿಂತಳು. ಇಪ್ಪತ್ತು ವರ್ಷದ ಪುಸ್ತಕಗಳನ್ನು ಹೊತ್ತುಕೊಂಡು ಹೋಗಿ, ಎಲ್ಲದರಲ್ಲೂ ಅದೇ 'ಸ.' ಇರುವುದನ್ನು ತೋರಿಸಿದಳು. ತೊಂಬತ್ತಾರು ಬಂದಾಗಲೇ ತಾನು ನಿಲ್ಲಿಸಬೇಕಿತ್ತು, ಗೊತ್ತಿದ್ದೂ ಸಹಿ ಹಾಕಿದೆ, ತಪ್ಪು ತನ್ನದು ಎಂದು ಗಟ್ಟಿಯಾಗಿ ಹೇಳಿದಳು. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ವೇದವತಿ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ಕೇಳಿದರು: "ನೀವೂ ಅಶೋಕಪುರಂ ಅಲ್ವಾ?"

"ಹೌದು ಮೇಡಂ. ಯಾಕೆ?"

"ಏನಿಲ್ಲ, ಸುಮ್ನೆ ಕೇಳ್ದೆ." ವಿಶ್ವನಾಥ್ ಕಿಟಕಿಯ ಕಡೆ ನೋಡುತ್ತ, "ಇರ್ಲಿ ಬಿಡಿ, ಒಂದೇ ಕಡೆಯವರು ಅಂದ್ಮೇಲೆ ಒಬ್ರಿಗೊಬ್ರು ಅನ್ನೋದು ಇದ್ದೇ ಇರತ್ತೆ. ಒಳ್ಳೆ ಮನಸ್ಸು" ಎಂದರು.

ಅಯ್ಯೋ, ಆ ಒಳ್ಳೆ ಮನಸ್ಸು ಅನ್ನುವ ಮಾತಿಗೆ ಕ್ಯಾಕರಿಸಿ ಉಗಿಯಬೇಕು! ಜಾತಿ ಅನ್ನುವ ಎರಡಕ್ಷರವನ್ನು ಆ ಮೂವರಲ್ಲಿ ಒಬ್ಬರೂ ಬಾಯಿಂದ ಆಚೆ ಬಿಡಲಿಲ್ಲ, ಬಿಡುವ ಅಗತ್ಯವೂ ಇರಲಿಲ್ಲ, ಅಶೋಕಪುರಂ ದಲಿತರ ಬಡಾವಣೆ ಎಂಬುದು ಮೈಸೂರಿಗೆಲ್ಲ ಗೊತ್ತು. ಅವಳ ಏಳು ವರ್ಷದ ಕೆಲಸ, ಹದಿನೆಂಟು ಪುಟದ ರಿಪೋರ್ಟು, ತೊಂಬತ್ತಾರರ ಲೆಕ್ಕ, ತಪ್ಪು ತನ್ನದು ಅಂತ ಒಪ್ಪಿಕೊಂಡ ಮಾತು, ಎಲ್ಲವನ್ನೂ ಒಂದು ಬಡಾವಣೆಯ ಹೆಸರಿನಿಂದ ಒರೆಸಿ ಹಾಕಿದರು. ಅವಳ ಹೇಳಿಕೆ 'ಸಹಾನುಭೂತಿಯಿಂದ ಕೊಟ್ಟದ್ದು' ಎಂದು ಫೈಲಿಗೆ ಸೇರಿತು. ತೀರ್ಮಾನವೂ ಅಲ್ಲೇ ಆಯಿತು: ಚಿಕ್ಕಬಸವಯ್ಯ ತಪ್ಪೊಪ್ಪಿಕೊಂಡು ಕ್ಷಮಾಪಣೆ ಪತ್ರ ಕೊಟ್ಟರೆ ಉಳಿದ ದಿನ ಮುಗಿಸಿ ನಿವೃತ್ತರಾಗಬಹುದು. ಇಲ್ಲವಾದರೆ ವಜಾ.

ಮಾರನೆಯ ಭಾನುವಾರ ಬೆಳಿಗ್ಗೆ ಚಿಕ್ಕಬಸವಯ್ಯ ನಯನಾಳ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಸೋಮಮ್ಮ ಕಾಫಿ ಕೊಟ್ಟಳು. ಮಹದೇವಯ್ಯ ವರ್ಕ್‌ಶಾಪಿನ ಮಾತು ತೆಗೆದರು. ಎಲ್ಲಕ್ಕೂ ಹೂಂಗುಟ್ಟಿ, ಲೋಟ ಕೆಳಗಿಟ್ಟು, ಜೇಬಿನಿಂದ ಮಡಿಸಿದ ಬಿಳಿ ಹಾಳೆ ತೆಗೆದು ನಯನಾಳ ಮುಂದೆ ಚಾಚಿದರು.

"ಕ್ಷಮಾಪಣೆ ಕಾಗ್ದ ಇಂಗ್ಲಿಷ್‌ನಾಗೇ ಇರ್ಬೇಕಂತೆ. ನಂಗ್ ಬರಕಿಲ್ಲ. ನೀನೇ ಬರ್ದ್ಕೊಡವ್ವ."

ಅವಳು ಹಾಳೆ ಮುಟ್ಟಲಿಲ್ಲ. "ನಾನು ಬರ್ಯೋದಾದ್ರೆ ನಿಜ ಬರೀತೀನಿ ಬಸವಯ್ಯನೋರೆ. ನಿಮ್ ಪುಸ್ತಕ ಸರಿಯಿದೆ, ಓದಿದವಳು ತಪ್ಪು ಓದಿದ್ಲು ಅಂತ. ಲೇಬರ್ ಕೋರ್ಟಿಗೆ ಹೋಗಣ. ನಾನೇ ಸಾಕ್ಷಿ ಹೇಳ್ತೀನಿ."

"ಹೇಳ್ದಲ್ಲ ಆಗ್ಲೆ." ಅವರ ದನಿ ಏರಲಿಲ್ಲ. "ನೀನ್ ಹೇಳಿದ್ದುಕ್ಕೆ ನಂಗೆ ಆದ್ ಉಪಕಾರ ಇಷ್ಟೇಯ, ನಾವಿಬ್ರೂ ಒಂದೇ ಕಡೆಯೋರು ಅಂತ ಫೈಲ್‌ನಾಗೆ ಸೇರ್ಕಂತು. ನಿಂಗೆ ಹಗುರಾಯ್ತು. ಆಗ್ಲಿ. ಆದ್ರೆ ಒಂದ್ ಮಾತು ಹೇಳು. ಆ ತೊಂಬತ್ತಾರು ಬಂತಲ್ಲ, ಆವತ್ತು ಯಾಕವ್ವಾ ಬಂದು ನನ್ನ ಕೇಳ್ಲಿಲ್ಲ? ಬೆಡ್ಡಿಗೂ ನಿನ್ ರೂಮಿಗೂ ನಲವತ್ತೆಜ್ಜೆ."

ನಯನಾಳಿಗೆ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಅಳತೆ ಮಾಡಿದವನನ್ನು ಬಿಟ್ಟು, ಟೀ ಲೋಟ ಹಿಡಿದವನನ್ನು ಕೇಳಲು ಹೋಗಿದ್ದಳು. ಏಸಿ ಕೋಣೆಯವರು ಬೆಡ್ಡಿನವರನ್ನು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಫಿಟ್ಟರ್ ಮಗಳಾದ ಅವಳು ಆ ಪದ್ಧತಿಯನ್ನು ಯಾರೂ ಕಲಿಸದೇ ಕಲಿತಿದ್ದಳು. ಪಕ್ಕದಲ್ಲೇ ಅಪ್ಪ ಕೂತಿದ್ದರು. ಅವರು ಮಗಳ ಮುಖ ನೋಡದೆ, ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ವಿಶ್ವನಾಥ್ ಮೇಲೆ ಇಷ್ಟು ದಿನ ಹುಟ್ಟಿದ್ದ ಹೇಸಿಗೆಯೆಲ್ಲ ಒಟ್ಟಾಗಿ ಅವಳ ಮೇಲೆಯೇ ತಿರುಗಿತು.

"ವಜಾ ಮಾಡಿದ್ರೆ ಸೆಕ್ಯೂರಿಟಿಯೋನು ರಟ್ಟೆ ಹಿಡ್ಕಂಡು ಗೇಟಿಂದ ಈಚೆಗ್ ಬುಡ್ತಾನೆ" ಎಂದರು ಚಿಕ್ಕಬಸವಯ್ಯ. "ಇಬ್ಬರ್ಗೆ ಅಂಗ್ ಮಾಡಿದ್ದ ಕಣ್ಣಾರೆ ನೋಡಿವ್ನಿ. ಕೋರ್ಟು ಮುಗಿಯೋ ಹೊತ್ಗೆ ನಾನಿರ್ತೀನೋ ಇಲ್ವೋ. ನನ್ ಕಾಲ್ ಮ್ಯಾಗೆ ನಾನು ನಡ್ಕಂಡು ಈಚೆಗ್ ಬರ್ಬೇಕು, ಅಷ್ಟೇಯ. ಬರಿ."

ಅವಳು ಮೇಜಿಗೆ ಕೂತು ಬರೆದಳು. ಇಂಗ್ಲಿಷ್ ಅವಳ ಕೈಗೆ ಸಲೀಸಾಗಿ ಬರುತ್ತಿತ್ತು. ದಾಖಲೆಯಲ್ಲಿ ನನ್ನಿಂದ ತಪ್ಪಾಗಿದೆ, ನಿಯಮದ ಪ್ರಕಾರ ಬರೆಯದೆ ಹೋದದ್ದು ನನ್ನ ತಪ್ಪು, ನನ್ನ ತಪ್ಪಿನಿಂದ ಸಂಸ್ಥೆಗೆ ಆದ ತೊಂದರೆಗೆ ಕ್ಷಮೆ ಕೋರುತ್ತೇನೆ, ಹೀಗೆ ಒಂದರ ಹಿಂದೆ ಒಂದು ವಾಕ್ಯ ಇಳಿಯುತ್ತಾ ಹೋಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಹೊಡೆದು ಹಾಕಲಿಲ್ಲ. ಇಷ್ಟು ಚೆನ್ನಾಗಿ ಹೇಗೆ ಬರೆಯುತ್ತಿದ್ದೇನೆ ಎಂದು ಬರೆಯುವಾಗಲೇ ಮೈ ಜುಂ ಎಂದಿತು.

ಪೂರ್ತಿ ಕನ್ನಡದಲ್ಲಿ ಓದಿ ಹೇಳು ಎಂದರು. ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಪೆನ್ನಿನ ಮುಚ್ಚಳ ತೆಗೆದವರು ಹಾಗೇ ತಡೆದರು.

"ತಪ್ಪು ನಂದು ಅಂತ ಎಷ್ಟ್ ಸಲ ಬರ್ದಿದ್ದೀಯ?"

ಅವಳು ಹಾಳೆಯ ಮೇಲೆ ಕಣ್ಣಾಡಿಸಿದಳು. "ಮೂರು."

"ಒಂದ್ ಸಲ ಸಾಕಾಗಿತ್ತು ಕಣವ್ವ" ಎಂದು, ಚಿಕ್ಕಬಸವಯ್ಯ ತಮ್ಮ ಪೂರ್ತಿ ಹೆಸರನ್ನು ದುಂಡಗೆ ಬರೆದು ಸಹಿ ಹಾಕಿದರು.